ಇಳಿಜಾರು

ಇಳಿ, ಜಾರು: ಎರಡೂ ಅಚ್ಚಗನ್ನಡದ ಧಾತುಗಳು. ನೆಲ ಓರೆಯಾಗಿ ತಗ್ಗುವ ಜಾಗಕ್ಕೆ ಬಳಸುತ್ತಿದ್ದ ಈ ಜೋಡಿಪದ ಇಂದು ಕಟ್ಟಡದ ರ‍್ಯಾಂಪಿಗೂ ಹೆಸರಾಗಿದೆ. ಪದದಲ್ಲಿರುವುದು ಇಳಿಯುವ ಅರ್ಥ. ಗಾಲಿಕುರ್ಚಿಯಲ್ಲಿ ಬಂದವರಿಗೆ ಅದೇ ಮೇಲೇರುವ ದಾರಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಕಡಿದಾದರೆ ಗಾಲಿ ಹಿಂದಕ್ಕೆ ಜಾರುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಕಲಂ ಪ್ರಕಾರ, ನಿಯಮಗಳು ಪ್ರಕಟವಾದ 5 ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳಲ್ಲೂ ಇಂಥ ಸೌಕರ್ಯ ಆಗಬೇಕಿತ್ತು. ನಿಯಮಗಳು ಬಂದದ್ದು 2017ರಲ್ಲಿ. ಆ ಗಡುವು 2022ಕ್ಕೇ ಮುಗಿದಿದೆ.

ವಿಜಯಪುರದ ಕಚೇರಿಯಾಗಲಿ, ಬಿಜ್ಜರಗಿಯ ಪಂಚಾಯಿತಿಯಾಗಲಿ, ನಮ್ಮ ಕಡೆ ‘ಪಾವಟಿಗಿ’ ಎನ್ನುವ ಮೆಟ್ಟಿಲಿನ ಪಕ್ಕ ಇಳಿಜಾರು ಇರಲೇಬೇಕು. ಅದು ದಯೆಯಲ್ಲ, ಹಕ್ಕು.