ನಿಂತುಹೋದ ಪ್ರಯೋಗ

ಬೆಳಗಾವಿಯಿಂದ ಹೆದ್ದಾರಿ ಹಿಡಿದು ಶಿರ್ವಳದ ಬಳಿ ನೀರಾ ನದಿಯನ್ನು ದಾಟಿದರೆ ಭೋರ್ ತಾಲ್ಲೂಕು. ಪುಣೆ ಜಿಲ್ಲೆ ತೊಡಗುವುದು ಅಲ್ಲಿಂದಲೇ. ಗರ್ಭಕಂಠದ ಕ್ಯಾನ್ಸರ್ ಲಸಿಕೆಯ ಚರಿತ್ರೆಯಲ್ಲಿ ಪುಣೆಯ ಹೆಸರು ಎರಡು ಬಾರಿ ಬರುತ್ತದೆ. ಹಡಪ್ಸರದ ಸೀರಂ ಇನ್‌ಸ್ಟಿಟ್ಯೂಟ್ 2023ರ ಜನವರಿಯಲ್ಲಿ ಹೊರತಂದ ಸೆರ್ವಾವ್ಯಾಕ್ ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದಿನದನ್ನು ನೆನೆಯುವವರು ಕಡಿಮೆ.

ಈ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಮೂಲವೆಂದು ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿದರು; 2006ರಲ್ಲಿ ಮೊದಲ ಲಸಿಕೆ ಬಂತು. ಅದು ಸೋಂಕನ್ನು ತಡೆಯುತ್ತದೆ, ಬಂದ ರೋಗವನ್ನು ಗುಣಪಡಿಸುವುದಿಲ್ಲ. ಆಗ ಮೂರು ಡೋಸು ಬೇಕಿತ್ತು, ಬೆಲೆಯೋ ಬಡವರ ಕೈಗೆಟುಕದ್ದು. ಎರಡೇ ಸಾಕಾದೀತೇ ಎಂದು ನೋಡಲು 2009ರಲ್ಲಿ ಭಾರತದ ಒಂಬತ್ತು ಕೇಂದ್ರಗಳಲ್ಲಿ 10ರಿಂದ 18 ವರ್ಷದ ಹುಡುಗಿಯರ ಮೇಲೆ ಅಧ್ಯಯನ ಆರಂಭವಾಯಿತು. ಪುಣೆ ಅವುಗಳಲ್ಲೊಂದು, ನಮ್ಮ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಇನ್ನೊಂದು.

ಅದೇ ಹೊತ್ತಿಗೆ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಬೇರೊಂದು ಲಸಿಕಾ ಯೋಜನೆ ನಡೆದಿತ್ತು. ಅಲ್ಲಿ ಏಳು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಆದರೆ ಖಮ್ಮಂನ ಆದಿವಾಸಿ ಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆಯ ಸಹಿ ಹಾಕಿದ್ದು ಹೊರಬಿತ್ತು. ತಂದೆತಾಯಿಯರನ್ನು ಕೇಳದೆ ಮಕ್ಕಳ ತೋಳಿಗೆ ಸೂಜಿ ಚುಚ್ಚಿದ್ದನ್ನು ಯಾವ ವಿಜ್ಞಾನವೂ ಸಮರ್ಥಿಸಲಾರದು. ಜನರ ಸಿಟ್ಟು ನ್ಯಾಯವಾದದ್ದೇ. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕಾ ಪ್ರಯೋಗಗಳನ್ನೂ ತಡೆಯಿತು. ಯಾವ ತಪ್ಪಿಗೂ ಭಾಗಿಯಲ್ಲದ ಪುಣೆ, ಬಾರ್ಶಿಗಳ ಅಧ್ಯಯನವೂ ಹಾಗೆಯೇ ನಡುದಾರಿಯಲ್ಲಿ ನಿಂತಿತು.

ಲಸಿಕೆ ಪಡೆದಿದ್ದ 17,729 ಹುಡುಗಿಯರಲ್ಲಿ 4,949 ಮಂದಿಗೆ ಸಿಕ್ಕಿದ್ದು ಒಂದೇ ಡೋಸು. ಕೆಟ್ಟುಹೋದ ಪ್ರಯೋಗವೆಂದು ಕಡತ ಮುಚ್ಚಬಹುದಿತ್ತು. ಸಂಶೋಧಕರು ಮುಚ್ಚಲಿಲ್ಲ, ವರ್ಷ ವರ್ಷವೂ ಆ ಹುಡುಗಿಯರ ಹಿಂದೆಯೇ ಹೋದರು. ಮದುವೆಯಾದ ಮೇಲೆ, ಚೊಚ್ಚಲ ಹೆರಿಗೆಯ ಮೇಲೆ ಮಾದರಿ ತೆಗೆದು ಪರೀಕ್ಷಿಸಿದರು. 2021ರಲ್ಲಿ ಲೆಕ್ಕ ಪ್ರಕಟವಾಯಿತು: 16 ಮತ್ತು 18ನೇ ಬಗೆಯ ವೈರಸ್‌ಗಳ ಬಿಡದ ಸೋಂಕಿನ ವಿರುದ್ಧ ಮೂರು ಡೋಸಿನ ರಕ್ಷಣೆ ಶೇ. 93.3, ಒಂದೇ ಡೋಸಿನದು ಶೇ. 95.4. ಅಂತರ ನಗಣ್ಯ, ಅರ್ಥ ದೊಡ್ಡದು. ಕೀನ್ಯಾದಲ್ಲಿ ನಡೆದ ಇನ್ನೊಂದು ಪ್ರಯೋಗವೂ ಇದಕ್ಕೆ ದನಿಗೂಡಿಸಿತು. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸೂ ಸಾಕೆಂದು ಒಪ್ಪಿತು.

ಯಾರೂ ಯೋಜಿಸದ ಆ ಗುಂಪಿನಲ್ಲಿದ್ದ ಹುಡುಗಿಯರು ಈಗ ತಾಯಂದಿರು. ಅವರಲ್ಲಿ ಕೆಲವರ ಹೆಣ್ಣುಮಕ್ಕಳು ಲಸಿಕೆಯ ವಯಸ್ಸಿಗೆ ಹತ್ತಿರವಾಗುತ್ತಿದ್ದಾರೆ.