ಆಸ್ಪತ್ರೆಯ ಮೆಟ್ಟಿಲು, ಕಾಯ್ದೆಯ ಷರತ್ತು

ಭಾರತದ 1995ರ ಅಂಗವಿಕಲರ ಕಾಯ್ದೆಯ 46ನೇ ಕಲಮು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ರ‍್ಯಾಂಪ್ ಬೇಕೆಂದು ಹೇಳಿತ್ತು. ಅದಕ್ಕೆ ಮೊದಲೇ ಒಂದು ಷರತ್ತಿತ್ತು: ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ. ಆ ಮಿತಿಯನ್ನು ಅಳೆಯುವವರು ಯಾರು? ಸರ್ಕಾರವೇ. ಇಡೀ ಕಾಯ್ದೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಇದು.

2007ರಲ್ಲಿ ಭಾರತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. 2016ರ ಹೊಸ ಕಾಯ್ದೆಯ 25ನೇ ಕಲಮು ಖಾಸಗಿ ಆಸ್ಪತ್ರೆಗಳನ್ನೂ ಸೇರಿಸಿಕೊಂಡು, ಅವುಗಳ ಎಲ್ಲ ಭಾಗಗಳಲ್ಲೂ ಅಡೆತಡೆಯಿಲ್ಲದ ಪ್ರವೇಶ ಬೇಕೆಂದಿತು. ‘ಎಲ್ಲ ಭಾಗ’ ಎಂಬುದು ಸಣ್ಣ ಮಾತಲ್ಲ. ಬಾಗಿಲವರೆಗೆ ರ‍್ಯಾಂಪ್ ಕಟ್ಟಿ, ಒಳಗೆ ಎದೆಯೆತ್ತರದ ತಪಾಸಣೆ ಮಂಚ ಇಟ್ಟರೆ ಗಾಲಿಕುರ್ಚಿಯಲ್ಲಿ ಬಂದ ಹೆಂಗಸನ್ನು ಇಬ್ಬರು ಎತ್ತಿ ಮಲಗಿಸಬೇಕು. ಎತ್ತುವವರಿಲ್ಲದಿದ್ದರೆ ಕೂತಲ್ಲೇ ನೋಡಿ ಚೀಟಿ ಬರೆದುಕೊಡುವುದೇ ತಪಾಸಣೆ. ಟೋಕನ್ ಸಂಖ್ಯೆ ಪರದೆಯ ಮೇಲಷ್ಟೇ ಬಂದರೆ ಕಣ್ಣು ಕಾಣದವರ ಸರದಿ ತಪ್ಪುತ್ತದೆ. ಕೂಗಿದರಷ್ಟೇ ಆದರೆ ಕಿವಿ ಕೇಳದವರದು.

ದೃಷ್ಟಿದೋಷವುಳ್ಳ ರಾಜೀವ್ ರತೂರಿ ರಸ್ತೆ, ಸಾರಿಗೆ, ಕಟ್ಟಡಗಳ ಪ್ರವೇಶಕ್ಕಾಗಿ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲೇ 2024ರ ನವೆಂಬರ್ 8ರಂದು ನ್ಯಾಯಾಲಯ 2017ರ ನಿಯಮಾವಳಿಯ 15(1)ನೇ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದಿತು. ಕಾಯ್ದೆ ಕಡ್ಡಾಯ ಮಾಡಿದ್ದನ್ನು ಆ ನಿಯಮ ಬರೀ ಮಾರ್ಗಸೂಚಿಗೆ ಇಳಿಸಿತ್ತು. ಹಳೆಯ ಷರತ್ತೇ ಹಿತ್ತಲ ಬಾಗಿಲಿಂದ ಒಳಬಂದ ಹಾಗೆ! ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಸಿಕ್ಕಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟಿದ್ದ ಐದು ವರ್ಷ 2022ರ ಜೂನಿನಲ್ಲೇ ಮುಗಿದಿತ್ತು.