ಪಡುಕೋಣೆ ಗುರುದತ್ತರ ನಾಮವೂ ವಿವಾಹವೂ

ಕುಂದಾಪುರದಿಂದ ಬಡಗಲಾಗಿ ಸಾಗುವ ಹೆದ್ದಾರಿಯು ತ್ರಾಸಿಯನ್ನು ದಾಟಿ ಮರವಂತೆಯನ್ನು ಸೇರುವಲ್ಲಿ ಪಡುವಣ ಕಡಲಿಗೂ ಮೂಡಣ ಸೌಪರ್ಣಿಕಾ ನದಿಗೂ ನಡುವೆ ಕಿರಿದಾದ ನೆಲವೊಂದೇ ಉಳಿದಿರುವುದು. ಅದರ ನೆರೆಯ ಸೀಮೆಯಲ್ಲಿಯೇ ಪಡುಕೋಣೆಯೆಂಬ ಗ್ರಾಮವಿದೆ. ಮೂಲಗ್ರಾಮದ ಹೆಸರನ್ನು ಮನೆತನದ ಹೆಸರಾಗಿ ಧರಿಸುವುದು ಚಿತ್ರಾಪುರ ಸಾರಸ್ವತರಲ್ಲಿ ರೂಢಿ. ಹಿಂದೀ ಚಲಚ್ಚಿತ್ರದ ನಿರ್ಮಾಪಕರೂ ನಿರ್ದೇಶಕರೂ ನಟರೂ ಆಗಿದ್ದ ಗುರುದತ್ತರು ಈ ಹೆಸರಿನ ಮನೆತನದವರು. ಆದರೂ ಅವರನ್ನು ಬಂಗಾಳಿಗಳೆಂದು ತಿಳಿದವರು ಬಹುಮಂದಿ. ಈ ಭ್ರಾಂತಿಗೆ ಕಾರಣವೇನೆಂಬುದನ್ನು ವಿಚಾರಿಸಿದರೆ ಅವರ ವಿವಾಹದ ಇತಿಹಾಸವೂ ತಾನಾಗಿ ಬೆಳಕಿಗೆ ಬರುತ್ತದೆ.

ಗುರುದತ್ತರು 1925ನೆಯ ಇಸವಿ ಜುಲೈ 9ರಂದು ಬೆಂಗಳೂರಿನಲ್ಲಿ ಶಿವಶಂಕರರಾವ್ ಮತ್ತು ವಾಸಂತಿ ಪಡುಕೋಣೆಯವರಿಗೆ ಜನಿಸಿದರು. ಮೊದಲು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಒದಗಿದ ಅಪಘಾತದ ತರುವಾಯ ಅದನ್ನು ಬದಲಿಸಿ ಗುರುದತ್ತನೆಂದು ಕರೆದರು. ತಾಯಿಯವರು ಕನ್ನಡದಲ್ಲಿ ರಚಿಸಿದ 'ನನ್ನ ಮಗ ಗುರುದತ್ತ' ಎಂಬ ಗ್ರಂಥವು ಈ ಚರಿತ್ರೆಗೆ ಕನ್ನಡದ ಪ್ರಮುಖ ಆಧಾರ. ಆ ಶೀರ್ಷಿಕೆಯಲ್ಲಿಯೂ ಗುರುದತ್ತನೆಂಬುದು ಒಂದೇ ಪದ. ಬಾಲ್ಯದ ಬಹುಭಾಗ ಕಲ್ಕತ್ತೆಯಲ್ಲಿ ಕಳೆದುದರಿಂದ ಬಂಗಾಳಿಯು ಅವರಿಗೆ ಚೆನ್ನಾಗಿ ಬರುತ್ತಿತ್ತು. ಮುಂದೆ ಅಲ್ಮೋರದಲ್ಲಿ ಉದಯಶಂಕರರಲ್ಲಿ ನೃತ್ಯವನ್ನು ಕಲಿತು, 1944ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಯನ್ನು ಸೇರಿದರು. ಚಿತ್ರರಂಗದಲ್ಲಿ ಪಡುಕೋಣೆಯೆಂಬುದು ಬಿಟ್ಟುಹೋಗಿ 'ಗುರು' 'ದತ್ತ್' ಎಂದು ಪದವು ಎರಡಾಗಿ ಒಡೆಯಿತು.

1951ರಲ್ಲಿ ನವಕೇತನ ಸಂಸ್ಥೆಗಾಗಿ 'ಬಾಜಿ'ಯನ್ನು ನಿರ್ದೇಶಿಸುತ್ತಿದ್ದಾಗ ಗಾಯಕಿ ಗೀತಾ ರಾಯ್ ಅವರ ಪರಿಚಯವಾಯಿತು. ಪೂರ್ವಬಂಗಾಳದ ಫರೀದಪುರದ ಕಡೆಯವರಾದ ಗೀತಾ ಅವರು 1947ರ 'ದೋ ಭಾಯಿ'ಯಿಂದಲೇ ಪ್ರಖ್ಯಾತರಾಗಿದ್ದರು. ವರನಾದರೋ ಆಗ ಹೊಸಬ. 1953ರ ಮೇ 26ರಂದು ವಿವಾಹವು ನೆರವೇರಿತು. ಅಂದಿನಿಂದ ಗೀತಾ ರಾಯ್ ಅವರು ಗೀತಾ ದತ್ತ್ ಆದರು. ಪಡುಕೋಣೆ ಮನೆತನದಲ್ಲಿ ಮಗನಿಗೆ ಇಟ್ಟ ಹೆಸರಿನ ಉತ್ತರಾರ್ಧವು ಹೀಗೆ ಪತ್ನಿಗೂ ಮುಂದೆ ಮೂವರು ಮಕ್ಕಳಿಗೂ ಕುಲನಾಮವಾಯಿತು. ಬಂಗಾಳದಲ್ಲಿ ದತ್ತವೆಂಬ ಕುಲನಾಮವಿರುವುದರಿಂದ ಭ್ರಾಂತಿಯು ಸ್ಥಿರಪಟ್ಟಿತು.

ಎರಡನೆಯ ಭ್ರಾಂತಿಯು ಇದಕ್ಕಿಂತ ಗುರುತರವಾದುದು. 1959ರ 'ಕಾಗಜ್ ಕೇ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಛಾಯಾಗ್ರಾಹಕರು ಮೈಸೂರಿನ ವಿ. ಕೆ. ಮೂರ್ತಿಯವರು. ಪತ್ನಿಯಿಂದ ದೂರವಾದ ನಿರ್ದೇಶಕನೊಬ್ಬನ ಪತನದ ಈ ಕಥೆಯನ್ನು ಗುರುದತ್ತರ ಆತ್ಮಚರಿತ್ರೆಯೆಂದೇ ಓದುವ ಪದ್ಧತಿ ಬೆಳೆದಿದೆ. ಆದರೆ ಕಥೆಯಲ್ಲಿ ಪತ್ನಿಯ ಮನೆಯವರು ಚಿತ್ರೋದ್ಯಮವನ್ನು ಹೀನವೆಂದು ತಿರಸ್ಕರಿಸುವ ಶ್ರೀಮಂತರು. ಗೀತಾ ಅವರಾದರೋ ಆ ಉದ್ಯಮದಲ್ಲಿಯೇ ಕೀರ್ತಿಯನ್ನು ಪಡೆದವರು; ಆ ಚಿತ್ರಕ್ಕೇ ಹಾಡಿದವರು. ಆದಕಾರಣ ಚಿತ್ರಕಥೆಯನ್ನು ದಾಂಪತ್ಯಕ್ಕೆ ಸಾಕ್ಷಿಯಾಗಿ ಹಿಡಿಯುವುದು ಯುಕ್ತವಲ್ಲ.

ಕಾಲಾನುಕ್ರಮವನ್ನು ನೋಡಿದರೆ ಬೇರೊಂದು ಸಂಗತಿಯು ಸ್ಪಷ್ಟವಾಗುತ್ತದೆ. ಸ್ವಂತ ಸಂಸ್ಥೆಯ 'ಆರ್ ಪಾರ್' (1954), 'ಪ್ಯಾಸಾ' (1957), 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಇವೆಲ್ಲಕ್ಕೂ ಗೀತಾ ಅವರ ಕಂಠವಿದೆ. ಪತ್ನಿಯನ್ನೇ ನಾಯಿಕೆಯಾಗಿಟ್ಟು ಬಂಗಾಳಿಯಲ್ಲಿ ಆರಂಭಿಸಿದ 'ಗೌರಿ'ಯು ಅರ್ಧದಲ್ಲಿಯೇ ನಿಂತುಹೋಯಿತು. ವಿರಸವಿದ್ದುದು ನಿಜ, 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ಗುರುದತ್ತರು ತೀರಿಕೊಂಡಾಗ ದಂಪತಿಗಳು ಬೇರೆ ಬೇರೆಯಾಗಿ ವಾಸಿಸುತ್ತಿದ್ದರು. ಆಗ ಅವರಿಗೆ 39 ವರ್ಷ. ಆದರೆ ಮನೆಯಲ್ಲಿ ಸಾಮರಸ್ಯವು ಕುಂದಿದರೂ ಕಲೆಯ ಸಹಯೋಗವು 1962ರವರೆಗೂ ಕಡಿಯಲಿಲ್ಲವೆಂಬುದು ಅಷ್ಟೇ ನಿಜ. ಈ ಸಂಗತಿಯನ್ನು ಮರೆತರೆ ಗೀತಾ ಅವರು ಪತಿಯ ದುರಂತದಲ್ಲಿ ಒಂದು ನೆರಳಾಗಿ ಮಾತ್ರ ಉಳಿಯುವರು.

ಗೀತಾ ದತ್ತರು 1972ರ ಜುಲೈ 20ರಂದು, 41ನೆಯ ವಯಸ್ಸಿನಲ್ಲಿ ನಿಧನಹೊಂದಿದರು. ಪತಿಯ ಹೆಸರಿನಿಂದ ಒಡೆದುಬಂದ ಪದವನ್ನು ಅವರು ಕೊನೆಯವರೆಗೂ ಧರಿಸಿದ್ದರು. ಪಡುಕೋಣೆಯೆಂಬ ಮೂಲನಾಮವನ್ನು ಗುರುದತ್ತರಿಗೆ ಮರಳಿ ಸಲ್ಲಿಸುವವರು, ಆ ಚಿತ್ರಗಳಲ್ಲಿ ಗೀತಾ ಅವರಿಗೆ ಸಲ್ಲಬೇಕಾದ ಭಾಗವನ್ನೂ ಸಲ್ಲಿಸುವುದು ನ್ಯಾಯ.